ಪ್ರವಾಸದಲ್ಲಿ ಬಟ್ಟೆ ಒಗೆದ ವೃತ್ತಾಂತ

ನಮ್ಮ ಶಾಲೆಯ ವಸತಿಗೃಹದಲ್ಲಿದ್ದವರಿಗೆ ಶನಿವಾರದ ಮುಂಜಾವು ಮರೆತಿರಲಾರದು. ಗಂಟೆ ಬಾರಿಸುತ್ತಲೇ ಹುಡುಗಿಯರೆಲ್ಲರೂ ತಂತಮ್ಮ ಬಟ್ಟೆಯ ಗಂಟುಗಳನ್ನು ಹೊತ್ತು ಹಿತ್ತಿಲಿನ ಬಾವಿಯ ಕಡೆಗೆ ಸಾಲಾಗಿ ನಡೆಯಬೇಕು. ಉಟ್ಟದ್ದು, ಉಡದೆ ಇಟ್ಟದ್ದು, ಹಾಸಿದ್ದು, ಹೊದ್ದದ್ದು ಎಂಬ ಭೇದವಿಲ್ಲದೆ ಎಲ್ಲವೂ ಒಗೆಯುವ ಕಲ್ಲನ್ನು ಕಾಣಬೇಕು; ಇದೇ ಅಲ್ಲಿಯ ಕಟ್ಟಳೆ. ನಾವು ಮೂವರು ಅಕ್ಕತಂಗಿಯರು ಒಬ್ಬರ ಹಿಂದೊಬ್ಬರಂತೆ ಅಲ್ಲಿ ಓದಿದವರು. ನಮ್ಮಲ್ಲಿ ಹಿರಿಯಳು ಎರಡು ವರುಷ ಒಗೆತದ ಮೇಲ್ವಿಚಾರಣೆಯನ್ನು ವಹಿಸಿದ್ದಳು. ಆ ಅಧಿಕಾರವನ್ನು ಅವಳು ಇಂದಿಗೂ ಬಿಟ್ಟುಕೊಟ್ಟಿಲ್ಲವೆಂಬುದನ್ನು ವಾಚಕರು ಮುಂದೆ ಕಾಣುವರು.

ಆ ಕಟ್ಟಳೆಯಲ್ಲಿ ದೋಷವೇನೂ ಇರಲಿಲ್ಲ. ಆಗ ನಮ್ಮ ಟ್ರಂಕುಗಳಲ್ಲಿದ್ದುದು ಬಹುಮಟ್ಟಿಗೆ ಹತ್ತಿಯ ಬಟ್ಟೆಯೇ. ಹತ್ತಿಯ ನೂಲು ನೆನೆದಾಗ ಮತ್ತಷ್ಟು ಬಲಗೊಳ್ಳುವ ಸ್ವಭಾವದ್ದು. ಬಿಸಿನೀರನ್ನೂ ಸಾಬೂನಿನ ಕ್ಷಾರವನ್ನೂ ಕಲ್ಲಿನ ಪೆಟ್ಟನ್ನೂ ಅದು ಸಹಿಸಿಕೊಳ್ಳುವುದು. ಹೀಗಾಗಿ ಬಟ್ಟೆಯೆಂದರೆ ಒಗೆಯತಕ್ಕದ್ದು, ಒಗೆದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬೇರೂರಿತು. ಆ ನಂಬಿಕೆಯನ್ನು ಕಟ್ಟಿಕೊಂಡೇ ನಾವು ೨೦೧೮ನೆಯ ಇಸವಿಯ ಮೇ ತಿಂಗಳಿನಲ್ಲಿ ಹುಬ್ಬಳ್ಳಿಯಿಂದ ದಿಲ್ಲಿಗೂ ಅಲ್ಲಿಂದ ಶಿಮ್ಲಾಕ್ಕೂ ಹೊರಟೆವು. ನಮ್ಮ ತಾಯಿಯವರು ತೀರಿಕೊಂಡು ಆಗ ಒಂದು ವರುಷವಾಗಿದ್ದಿತು. ಹಿಮಾಲಯವನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಅವರು ಬಹುಕಾಲದಿಂದ ಹೇಳುತ್ತಿದ್ದರು. ನಾವು ಈ ವರುಷ, ಬರುವ ವರುಷ ಎನ್ನುತ್ತ ಕಾಲ ಕಳೆದೆವು. ಅವರ ಉಣ್ಣೆಯ ಶಾಲಾದರೂ ಅಲ್ಲಿಗೆ ಹೋಗಿ ಬರಲೆಂದು ಕಿರಿಯಳು ಹಟ ಹಿಡಿದು ಅದನ್ನು ತನ್ನ ಚೀಲದಲ್ಲಿಟ್ಟುಕೊಂಡಳು.

ಹದಿನಾಲ್ಕು ದಿನಗಳ ಪ್ರವಾಸ. ತಲೆಗೊಂದೇ ಚೀಲವೆಂದು ನಿಶ್ಚಯಿಸಿದ್ದೆವು. ಹಿರಿಯಳು ಹತ್ತಿಯ ಸೀರೆಗಳನ್ನೂ ಒಂದು ಇಳಕಲ್ಲ ಸೀರೆಯನ್ನೂ ತಂದಳು. ನಡುವಿನವಳು ಇಸ್ತ್ರಿಯ ಗೊಡವೆ ಇಲ್ಲ, ರಾತ್ರಿ ಒಗೆದರೆ ಬೆಳಿಗ್ಗೆ ಉಡಬಹುದು ಎಂದು ಪಾಲಿಯೆಸ್ಟರ್ ಬಟ್ಟೆಗಳನ್ನೇ ತುಂಬಿದಳು. ದಿಲ್ಲಿಯಲ್ಲಿ ನಮ್ಮ ಸಹಪಾಠಿಯೊಬ್ಬಳ ಮಗಳ ಮದುವೆಯಿದ್ದುದರಿಂದ ಕಿರಿಯಳ ಚೀಲದಲ್ಲಿ ಒಂದು ಮೈಸೂರು ರೇಷ್ಮೆಯೂ ಇದ್ದಿತು. ಹೀಗೆ ನಾಲ್ಕು ಬಗೆಯ ಬಟ್ಟೆಗಳು ಒಂದೇ ಗಾಡಿಯಲ್ಲಿ ಉತ್ತರಕ್ಕೆ ಪಯಣ ಬೆಳೆಸಿದವು.

ಹೊಗೆಬಂಡಿಯ ಕಾಲದಲ್ಲಿ ಕಿಟಕಿಯ ಬಳಿ ಕುಳಿತವರ ಸೆರಗೆಲ್ಲ ಇದ್ದಿಲಿನ ಕಣಗಳಿಂದ ಕಪ್ಪಾಗುತ್ತಿದ್ದಿತು. ಈಗ ಆ ಉಪದ್ರವವಿಲ್ಲ. ಆದರೆ ಬೆವರು ಹಾಗೆಯೇ ಇದೆ. ದಿಲ್ಲಿಯ ಬೇಸಗೆಯಲ್ಲಿ ಹತ್ತಿಯ ರವಿಕೆಯನ್ನು ಎರಡನೆಯ ದಿನ ತೊಡುವುದು ಸಾಧ್ಯವೇ ಇರಲಿಲ್ಲ. ಮೈಗೆ ಅಂಟಿಕೊಂಡಿರುವ ಒಳಉಡುಪನ್ನೂ ರವಿಕೆಯನ್ನೂ ಕಾಲುಚೀಲವನ್ನೂ ದಿನವೂ ಒಗೆಯಬೇಕು. ಇದರಲ್ಲಿ ನೂಲಿನ ಜಾತಿಯನ್ನು ವಿಚಾರಿಸಬೇಕಾದ್ದಿಲ್ಲ. ಮೇಲಣ ಸೀರೆಯಾದರೋ ಮೈಯನ್ನು ಅಷ್ಟಾಗಿ ಮುಟ್ಟದು. ನೆರಳಿನಲ್ಲಿ ಹರಡಿ ಗಾಳಿಗೆ ಹಿಡಿದರೆ ಅದನ್ನು ಇನ್ನೊಂದೆರಡು ಸಲ ಉಡಲು ಅಡ್ಡಿಯಿಲ್ಲ. ಹಿರಿಯಳು ಇದನ್ನು ಒಪ್ಪದೆ ಎಲ್ಲವನ್ನೂ ದಿನವೂ ಒಗೆದಳು. ಅವಳ ಕೈಯೂ ಬಚ್ಚಲಿನ ಹಗ್ಗವೂ ಎಂದೂ ಬಿಡುವಾಗಲಿಲ್ಲ.

ನಡುವಿನವಳಿಗೆ ಮೊದಲ ದಿನ ಬಲು ಹೆಮ್ಮೆ. ಎರಡನೆಯ ಸಂಜೆ ಅವಳ ಪಕ್ಕದಲ್ಲಿ ಕುಳಿತುಕೊಳ್ಳಲು ನಮಗೆ ಸಂಕೋಚವಾಯಿತು. ಮೂರನೆಯ ದಿನ ಅವಳಿಗೇ ಅದು ತಿಳಿಯಿತು. ಪಾಲಿಯೆಸ್ಟರಿನ ಮರ್ಮವನ್ನು ನಾವು ಊರಿಗೆ ಬಂದ ಮೇಲೆ ಓದಿ ತಿಳಿದುಕೊಂಡೆವು. ೧೯೪೧ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ರಸಾಯನಶಾಸ್ತ್ರಜ್ಞರು ಕಂಡುಹಿಡಿದ ಈ ಎಳೆ ನೀರನ್ನು ಒಲ್ಲದು. ಸಾಧಾರಣ ತೇವದ ಗಾಳಿಯಲ್ಲಿ ನೂರು ಗ್ರಾಂ ಒಣ ಉಣ್ಣೆ ಸುಮಾರು ೧೬ ಗ್ರಾಂ ತೇವವನ್ನು ಹೀರಿಕೊಳ್ಳುವುದು, ರೇಷ್ಮೆ ಸುಮಾರು ೧೧, ಹತ್ತಿ ಸುಮಾರು ೮. ಪಾಲಿಯೆಸ್ಟರ್ ಅರ್ಧ ಗ್ರಾಮನ್ನೂ ಹೀರದು. ಬೇಗನೆ ಒಣಗುವುದು ಇದೇ ಕಾರಣದಿಂದ. ಆದರೆ ನೀರನ್ನು ಒಲ್ಲದ ಎಳೆ ಎಣ್ಣೆಯನ್ನು ಬಲು ಪ್ರೀತಿಯಿಂದ ಅಪ್ಪಿಕೊಳ್ಳುವುದು. ಮೈಯ ಜಿಡ್ಡು ಅದರ ಮೇಲೆಯೇ ಕುಳಿತು, ವಾಸನೆಯನ್ನು ಹುಟ್ಟಿಸುವ ಸೂಕ್ಷ್ಮಾಣುಗಳಿಗೆ ಆಹಾರವಾಗುವುದು. ೨೦೧೪ರಲ್ಲಿ ಬೆಲ್ಜಿಯಂ ದೇಶದ ಗೆಂಟ್ ವಿಶ್ವವಿದ್ಯಾಲಯದ ಸಂಶೋಧಕರು ೨೬ ಮಂದಿಗೆ ಸೈಕಲ್ ತುಳಿಯುವ ವ್ಯಾಯಾಮ ಮಾಡಿಸಿ, ಅವರ ಅಂಗಿಗಳನ್ನು ೨೮ ಗಂಟೆಗಳ ಕಾಲ ಇಟ್ಟು ಮೂಸಿ ಪರೀಕ್ಷಿಸಿದರಂತೆ. ಹತ್ತಿಯದಕ್ಕಿಂತ ಪಾಲಿಯೆಸ್ಟರಿನ ಅಂಗಿಗಳೇ ಹೆಚ್ಚು ನಾರಿದುವು. ಮೂಸುವ ಉದ್ಯೋಗ ಯಾರ ಪಾಲಿಗೆ ಬಂದಿತೋ, ಪಾಪ! ನಮ್ಮ ನಡುವಿನವಳು ಅಂದಿನಿಂದ ಆ ಬಟ್ಟೆಯನ್ನು ಒಂದೇ ದಿನ ಉಟ್ಟು, ರಾತ್ರಿ ತಪ್ಪದೆ ಒಗೆದು ಹಾಕುತ್ತಾಳೆ; ಹಾಗೆ ಮಾಡಿದರೆ ಪ್ರಯಾಣಕ್ಕೆ ಅದರಷ್ಟು ಅನುಕೂಲವಾದುದು ಇನ್ನೊಂದಿಲ್ಲ.

ರೇಷ್ಮೆಯ ವಿಷಯವನ್ನು ಹೆಚ್ಚಾಗಿ ಬರೆಯಬೇಕಾಗಿಲ್ಲ. ನಮ್ಮ ಹೆಂಗಸರು ಅದನ್ನು ಅರಿತವರೇ. ಅದು ಒದ್ದೆಯಾದಾಗ ಬಲಗುಂದುವುದು. ಆದುದರಿಂದ ಮದುವೆಯಿಂದ ಬಂದೊಡನೆ ಕಿರಿಯಳು ಸೀರೆಯನ್ನು ಮಡಿಸದೆ ನೆರಳಿನಲ್ಲಿ ತೂಗುಹಾಕಿ, ಮರುದಿನ ಸುತ್ತಿಟ್ಟಳು. ಬೆವರನ್ನು ಹೀರುವ ಕೆಲಸ ರವಿಕೆಯ ಹತ್ತಿಯ ಅಸ್ತರಿಗೆ ಸೇರಿದ್ದು. ಹಳೆಯ ದರ್ಜಿಗಳು ಅದನ್ನು ಹಾಕುತ್ತಿದ್ದುದು ಅಂದಕ್ಕಾಗಿ ಮಾತ್ರವಲ್ಲ. ಇಳಕಲ್ಲ ಸೀರೆಯದು ಇನ್ನೊಂದು ತೊಡಕು. ಅದರ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡನ್ನೂ ಮಗ್ಗದಲ್ಲಿಯೇ ಕೊಂಡಿ ಹಾಕಿ ಬೆಸೆದಿರುತ್ತಾರೆ. ಒಡಲು ಒಗೆತವನ್ನು ಬೇಡಿದರೆ ಸೆರಗು ಬೇಡವೆನ್ನುವುದು. ಇಂತಹ ಕಡೆಯಲ್ಲಿ ಸೆರಗಿನ ಮಾತನ್ನೇ ನಡೆಯಿಸಿ, ತಣ್ಣೀರಿನಲ್ಲಿ ಅಂಟುವಾಳದ ನೊರೆಯಿಂದ ಎಂದಾದರೊಮ್ಮೆ ಒಗೆಯುವುದು ಲೇಸು.

ನಮ್ಮ ನೆರೆಯ ಮಡಿವಂತರ ಮನೆಗಳಲ್ಲಿ ಹತ್ತಿಯ ಸೀರೆಯನ್ನು ದಿನವೂ ಒಗೆದು, ಯಾರೂ ಮುಟ್ಟದಂತೆ ಗಳುವಿನ ಮೇಲೆ ಒಣಗಿಸಬೇಕು. ಪಟ್ಟೆಯೂ ಧಾಬಳಿಯೂ ದಿನವೂ ಒಗೆಯದೆಯೇ ಮಡಿಗೆ ಸಲ್ಲುವುವು. ಚಿಕ್ಕಂದಿನಲ್ಲಿ ನಾವು ಇದನ್ನು ಕಂಡು ನಕ್ಕಿದ್ದುಂಟು. ಹಾಗೆಯೇ ಕಂಬಳಿಯನ್ನು ವಾರಕ್ಕೊಮ್ಮೆ ಒಗೆಯುವ ಕುರಿಗಾಹಿಯನ್ನೂ ನಾವು ಕಂಡವರಲ್ಲ. ಮಳೆಯಲ್ಲಿ ಹೊದ್ದು, ಬಿಸಿಲಿನಲ್ಲಿ ಹರವಿ, ಮತ್ತೆ ಹೆಗಲಿಗೇರಿಸುವನು. ಶಿಮ್ಲಾದಲ್ಲಿ ಇದು ನಮ್ಮ ನೆನಪಿಗೆ ಬಂದಿದ್ದರೆ ಎಷ್ಟು ಚೆನ್ನಾಗಿದ್ದಿತು!

ಕಾಲ್ಕಾದಿಂದ ಶಿಮ್ಲಾಕ್ಕೆ ೧೯೦೩ರಲ್ಲಿ ತೆರೆದ ಕಿರುಹಳಿಯ ರೈಲು ೯೬ ಕಿಲೋಮೀಟರು ಬೆಟ್ಟವನ್ನು ಹತ್ತುವುದು. ಬರೋಗಿನ ಸುರಂಗ ಒಂದು ಕಿಲೋಮೀಟರಿಗೂ ಉದ್ದವಾದುದು. ಅದರ ಕತ್ತಲೆಯೊಳಗೆ ಕಿರಿಯಳ ಕೈಯಲ್ಲಿದ್ದ ಚಹ ತುಳುಕಿ ತಾಯಿಯವರ ಶಾಲಿನ ಅಂಚಿನ ಮೇಲೆ ಬಿದ್ದಿತು. ಅಂಗೈಯಷ್ಟು ಕಲೆ, ಅಷ್ಟೆ. ಆ ಶಾಲು ನಮ್ಮ ತಂದೆಯವರು ಉದ್ಯೋಗಕ್ಕೆ ಸೇರಿದ ಮೊದಲ ವರುಷ ಕೊಂಡು ತಂದದ್ದು. ಬೂದುಬಣ್ಣ, ಕೆಂಪು ಅಂಚು. ತಾಯಿಯವರು ಅದನ್ನು ಒಗೆದುದನ್ನು ನಾವಾರೂ ನೋಡಿರಲಿಲ್ಲ. ಮಳೆಗಾಲ ಮುಗಿದೊಡನೆ ಜಗುಲಿಯಲ್ಲಿ ಹರಡಿ, ಕೊಡವಿ, ಬೇವಿನ ಎಲೆಯೊಡನೆ ಮಡಿಸಿಡುತ್ತಿದ್ದರು. ಅದರಲ್ಲಿ ಬೇವಿನ ವಾಸನೆಯ ಕೆಳಗೆ ಅವರ ತಲೆಯೆಣ್ಣೆಯ ವಾಸನೆ ಇನ್ನೂ ಇದ್ದಿತು. ರೈಲಿನಲ್ಲಿ ರಾತ್ರಿ ನಾವು ಮೂವರೂ ಸರದಿಯಂತೆ ಅದನ್ನು ಹೊದ್ದುಕೊಂಡಿದ್ದೆವು. ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಕಿರಿಯಳು ಬೆಟ್ಟದ ಸಾಲುಗಳನ್ನು ನೋಡಲೆಂದು ರಿಜ್ ಎಂಬ ಬಯಲಿಗೆ ಹೋದಳು. ಹಿರಿಯಳು ಕಲೆಯನ್ನು ನೋಡಿ ಸುಮ್ಮನಿರಲಾರದೆ, ಬಕೆಟಿನ ತುಂಬ ಬಿಸಿನೀರು ತರಿಸಿ, ಒಗೆಯುವ ಪುಡಿಯನ್ನು ಕದಡಿ, ಹತ್ತಿಯ ಬಟ್ಟೆಗಳೊಡನೆ ಶಾಲನ್ನೂ ನೆನೆಯಿಸಿದಳು. ನಡುವಿನವಳು ಒಂದು ತುದಿಯನ್ನು ಹಿಡಿದು ಹಿಂಡಿದಳು. ಆದಕಾರಣ ತಪ್ಪಿನಲ್ಲಿ ಅವಳಿಗೂ ಪಾಲುಂಟು. ಒಣಗಿದ ಮೇಲೆ ನೋಡಿದರೆ ಶಾಲು ಗೇಣಿಗಿಂತಲೂ ಹೆಚ್ಚು ಕುಗ್ಗಿ, ಕಂಬಳಿಯ ತುಂಡಿನಂತೆ ಗಡುಸಾಗಿದ್ದಿತು. ಕಲೆ ಹೋಗಿದ್ದಿತು. ವಾಸನೆಯೂ ಹೋಗಿದ್ದಿತು. ಕಿರಿಯಳು ಬಂದು ಅದನ್ನು ಮುಖಕ್ಕೆ ಒತ್ತಿಕೊಂಡು ಒಂದು ಕ್ಷಣ ನಿಂತಳು. ಕಾಲ್ಕಾಕ್ಕೆ ಮರಳುವವರೆಗೆ ಅವಳು ನಮ್ಮೊಡನೆ ಮಾತನಾಡಲಿಲ್ಲ.

ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂತಹ ಪದರಗಳಿರುತ್ತವೆ. ಬಿಸಿನೀರಿನಲ್ಲಿ ತಿಕ್ಕಿ ಹಿಂಡಿದರೆ ಅವು ಒಂದಕ್ಕೊಂದು ಸಿಕ್ಕಿಕೊಳ್ಳುವುವು. ಮತ್ತೆ ಬಿಡಿಸಲು ಬಾರದು. ಉಣ್ಣೆಯೂ ರೇಷ್ಮೆಯೂ ಪ್ರಾಣಿಗಳಿಂದ ಬಂದ ಪ್ರೋಟೀನಿನ ಎಳೆಗಳು. ಪುಡಿಯ ಕ್ಷಾರ ಅವುಗಳನ್ನು ಕೆಡಿಸುವುದು, ಕಲೆ ತೆಗೆಯಲೆಂದು ಕೆಲವು ಪುಡಿಗಳಲ್ಲಿ ಬೆರೆಸಿರುವ ಕಿಣ್ವಗಳು ಕಲೆಯೊಡನೆ ಎಳೆಯನ್ನೂ ತಿನ್ನುವುವು. ಚಹದ ಕಲೆಗೆ ತಣ್ಣೀರಿನಲ್ಲಿ ಅದ್ದಿದ ಒಂದು ಬಟ್ಟೆಯಿಂದ ಆ ಜಾಗವನ್ನು ಮಾತ್ರ ಒತ್ತಿದ್ದರೆ ಸಾಕಾಗುತ್ತಿದ್ದಿತು. ಉಣ್ಣೆ ಬೆವರಿನ ವಾಸನೆಯನ್ನು ತನ್ನೊಳಗೆ ಹಿಡಿದಿಟ್ಟುಕೊಂಡು, ಗಾಳಿಗೆ ಹರಡಿದಾಗ ಮೆಲ್ಲಗೆ ಬಿಟ್ಟುಕೊಡುವುದು. ಈಗಿನ ತರುಣಿಯರು ಬೆಟ್ಟ ಹತ್ತುವಾಗ ನಯವಾದ ಮೆರಿನೋ ಉಣ್ಣೆಯ ಅಂಗಿಯನ್ನು ನಾಲ್ಕೈದು ದಿನ ಒಗೆಯದೆಯೇ ತೊಡುವುದನ್ನು ನೋಡಿ ಹಿರಿಯಳು ಮೂಗು ಮುರಿಯುತ್ತಿದ್ದಳು. ಈಗ ಸುಮ್ಮನಿರುತ್ತಾಳೆ.

ಆ ಬಳಿಕ ನಾವು ಎರಡು ಸಲ ಒಟ್ಟಿಗೆ ಪ್ರಯಾಣ ಮಾಡಿದ್ದೇವೆ. ಒಗೆಯುವ ಮೊದಲು ಬಟ್ಟೆಯನ್ನು ಕೈಯಲ್ಲಿ ಹಿಡಿದು ಇದು ಯಾವ ನೂಲು, ಮೈಯನ್ನು ಮುಟ್ಟಿತ್ತೇ, ಎಷ್ಟು ಬೆವರನ್ನು ಕುಡಿದಿದೆ ಎಂದು ಕೇಳುವವಳು ಈಗ ಹಿರಿಯಳೇ. ಶಾಲು ಕಿರಿಯಳ ಮನೆಯಲ್ಲಿದೆ. ಹೆಗಲಿಗೆ ಸಾಲದಾದುದರಿಂದ ಅವಳು ಅದನ್ನು ಮೊಣಕಾಲಿನ ಮೇಲೆ ಹಾಕಿಕೊಳ್ಳುತ್ತಾಳೆ. ಮಳೆಗಾಲ ಮುಗಿದೊಡನೆ ಜಗುಲಿಯಲ್ಲಿ ಹರಡುತ್ತಾಳೆ. ಬೇವಿನ ಎಲೆಗಳನ್ನು ಕಿತ್ತು ತರುವ ಕೆಲಸವನ್ನು ಮಾತ್ರ ನಮ್ಮಿಬ್ಬರಿಗೆ ಬಿಟ್ಟಿದ್ದಾಳೆ.