ಜನವರಿ ಹನ್ನೆರಡರಿಂದ ಬದುಕಿ ಬಂದವರು

ಆ ಸಂಘಕ್ಕೆ ಸೇರಲು ಒಂದೇ ಅರ್ಹತೆ ಸಾಕಿತ್ತು: 1888ರ ಜನವರಿ 12ರಂದು ಸಾಯದೆ ಉಳಿದಿರಬೇಕು.

1940ರಲ್ಲಿ ಅಮೆರಿಕದ ನೆಬ್ರಾಸ್ಕ ರಾಜ್ಯದ ರಾಜಧಾನಿ ಲಿಂಕನ್‌ನಲ್ಲಿ ಒಂದಷ್ಟು ಮುದುಕ ಮುದುಕಿಯರು ಸೇರಿ ಅದನ್ನು ಕಟ್ಟಿಕೊಂಡರು. ಹೆಸರಿನಲ್ಲೂ ಸುತ್ತುಬಳಸಲಿಲ್ಲ, ಆ ತಾರೀಖನ್ನೇ ಇಟ್ಟು ಹಿಮಬಿರುಗಾಳಿ ಕ್ಲಬ್ ಎಂದರು. ಅಂದು ಹತ್ತು ವರ್ಷದ ಪೋರರಾಗಿದ್ದವರಿಗೆ ಈಗ ಅರವತ್ತೆರಡು. ಅವರಿಗೆ ಪಾಠ ಹೇಳುತ್ತಿದ್ದ ಟೀಚರಮ್ಮಂದಿರಲ್ಲಿ ಬದುಕಿದ್ದವರು ಎಪ್ಪತ್ತರ ಆಸುಪಾಸಿನ ಅಜ್ಜಿಯರು. ನಡುವಿನ ಅರ್ಧ ಶತಮಾನದಲ್ಲಿ ಬೇಕಾದಷ್ಟು ಕಂಡಿದ್ದರು: ಬರ, ಮಹಾಯುದ್ಧ, ಪೈರಿನ ಬೆಲೆ ನೆಲಕಚ್ಚಿದ್ದು, ಮೂವತ್ತರ ದಶಕದ ಧೂಳುಗಾಳಿ. ಇಷ್ಟೆಲ್ಲ ಇದ್ದರೂ ಅವರು ಒಟ್ಟುಗೂಡಿದ್ದು ಆ ಒಂದು ಮಧ್ಯಾಹ್ನದ ಹೆಸರಿನಲ್ಲಿ. ಅವರು ಹೇಳಿದ್ದನ್ನು, ಬರೆದು ಕಳಿಸಿದ್ದನ್ನು ಡಬ್ಲ್ಯು. ಎಚ್. ಓಗಾರಾ ಒಟ್ಟು ಮಾಡಿ 1947ರಲ್ಲಿ ಪುಸ್ತಕವಾಗಿ ತಂದರು. ಹಳ್ಳಿಗಾಡಿನ ಸಾಮಾನ್ಯ ರೈತರ ಜೀವದ ಕಥೆಗಳು ಹೀಗೆ ಅಚ್ಚಾಗುವುದು ಅಪರೂಪ. ಊರಿನ ಕೊನೆಯ ಅಜ್ಜಿಯ ಜೊತೆ ಅವು ಮಣ್ಣಾಗುವುದೇ ಹೆಚ್ಚು.

ಏನಾಗಿತ್ತು ಅಂದು?

ಮೊದಲು ಆ ನೆಲ ಹೇಗಿತ್ತು ನೋಡಿ. ದಿಗಂತದಿಂದ ದಿಗಂತಕ್ಕೆ ಹುಲ್ಲು. ಅದೇ ಪ್ರೇರಿ. 1862ರ ಹೋಂಸ್ಟೆಡ್ ಕಾಯ್ದೆಯ ಪ್ರಕಾರ ಐದು ವರ್ಷ ನೆಲೆ ನಿಂತು ಉತ್ತು ಬೆಳೆದವರಿಗೆ 160 ಎಕರೆ ಸಿಗುತ್ತಿತ್ತು. ಪೂರ್ವದ ರಾಜ್ಯಗಳಿಂದ, ಜರ್ಮನಿ, ಸ್ವೀಡನ್, ನಾರ್ವೆ, ಬೊಹಿಮಿಯಾ, ರಷ್ಯಾಗಳಿಂದ ಬಡವರು ಬಂದರು. ಆ ಹುಲ್ಲು ಯಾರದೋ ಆಗಿತ್ತು, ಲಕೋಟಾ, ಪಾನೀ ಜನರನ್ನು ಒಕ್ಕಲೆಬ್ಬಿಸಿ ತೆರವು ಮಾಡಿದ ನೆಲ ಅದು ಎಂಬುದನ್ನು ಯಾವ ಸರ್ಕಾರಿ ಹಕ್ಕುಪತ್ರವೂ ಹೇಳುತ್ತಿರಲಿಲ್ಲ. ಬಂದವರಿಗೆ ಮನೆ ಕಟ್ಟಲು ಮರ ಇಲ್ಲ, ಕಲ್ಲಿಲ್ಲ. ಬೇರು ಹೆಣೆದುಕೊಂಡ ನೆಲವನ್ನೇ ನೇಗಿಲಿನಿಂದ ಪಟ್ಟಿ ಪಟ್ಟಿಯಾಗಿ ಸೀಳಿ, ತುಂಡು ಮಾಡಿ, ಇಟ್ಟಿಗೆಯಾಗಿ ಪೇರಿಸಿದರು. ಸೂರಿಗೂ ಅದೇ ಹೆಂಟೆ. ಒಲೆಗೆ ಹುರಿ ಹೊಸೆದ ಒಣಹುಲ್ಲು, ಮುಸುಕಿನ ಜೋಳದ ದಂಟು, ದನದ ಕುಳ್ಳು. ಶಾಲೆ ಎಂದರೆ ಬಯಲ ನಡುವೆ ಒಂದೇ ಕೋಣೆ, ಒಂದೇ ಒಲೆ, ಹದಿನೆಂಟು ಹತ್ತೊಂಬತ್ತರ ಒಬ್ಬಳು ಟೀಚರು.

ಆ ಗುರುವಾರ ಬೆಳಿಗ್ಗೆ ಹವೆ ಮೋಸ ಮಾಡಿತು. ವಾರಗಟ್ಟಲೆ ಕೊರೆದ ಚಳಿ ದಿಢೀರನೆ ಸಡಿಲಿತ್ತು. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಚಳಿಗೆ ಹೆದರಿ ಮನೆಯಲ್ಲೇ ಕೂತಿದ್ದ ಮಕ್ಕಳು ಶಾಲೆಗೆ ಓಡಿದರು, ಎಷ್ಟೋ ಮಂದಿ ದಪ್ಪ ಕೋಟನ್ನು ಮನೆಯಲ್ಲೇ ಬಿಟ್ಟು. ಗಂಡಸರು ದನಗಳನ್ನು ಕೊಟ್ಟಿಗೆಯಿಂದ ಬಿಚ್ಚಿ ಜೋಳದ ಹೊಲಕ್ಕೆ ಬಿಟ್ಟರು, ತಾವು ಹುಲ್ಲು ತರಲು ಗಾಡಿ ಕಟ್ಟಿದರು. ಇಡೀ ಬಯಲುಸೀಮೆ ಮನೆಯಿಂದ ಹೊರಗಿತ್ತು.

ಡಕೋಟಾದ ಹ್ಯೂರನ್ ಪಟ್ಟಣದಲ್ಲಿ ಹವಾಮಾನ ವೀಕ್ಷಕ ಸಾರ್ಜೆಂಟ್ ಸ್ಯಾಮ್ಯುಯೆಲ್ ಗ್ಲೆನ್ ಕಟ್ಟಡದ ಮೇಲೇರಿ ನಿಂತಿದ್ದ. ಮಧ್ಯಾಹ್ನಕ್ಕೆ ಇನ್ನೂ ಹದಿನೆಂಟು ನಿಮಿಷ. ಒಂದು ನಿಮಿಷದ ಮಟ್ಟಿಗೆ ಗಾಳಿ ಪೂರ್ತಿ ನಿಂತುಹೋಯಿತು. ಕೆಳಗಿನ ಬೀದಿಯ ಮಾತು ಆಳದ ಬಾವಿಯೊಳಗಿಂದ ಬಂದಂತೆ ಕೇಳಿಸಿತು. ಮರುಕ್ಷಣ ಪಶ್ಚಿಮದಿಂದ ಬಂದು ಅಪ್ಪಳಿಸಿತು ನೋಡಿ! ಗ್ಲೆನ್ ಮಾಡಿನಿಂದ ಹಾರಿಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಕೆಲವೇ ನಿಮಿಷಗಳಲ್ಲಿ ಎದುರು ಬದಿಯ ಮನೆ ಮಾಯ.

ಬದುಕಿದವರೆಲ್ಲರೂ ಒಂದೇ ಮಾತು ಹೇಳುತ್ತಾರೆ: ಅದು ಹಿಮ ಅಲ್ಲ, ಹಿಟ್ಟು. ಜರಡಿ ಹಿಡಿದ ಮೈದಾದಷ್ಟು ನುಣುಪು. ಹತ್ತಿಯಂತೆ ತೇಲಿ ಇಳಿಯುವ ಹಿಮವಾಗಿದ್ದರೆ ದಾರಿ ಕಾಣುತ್ತಿತ್ತು. ಇದು ಮೂಗಿಗೆ, ಕಿವಿಗೆ, ಬಟ್ಟೆಯ ನೂಲು ನೂಲಿಗೂ ನುಗ್ಗಿತು. ರೆಪ್ಪೆಯ ಮೇಲೆ ಕೂತದ್ದು ಕಣ್ಣಿನ ಬಿಸಿಗೆ ಕರಗಿ, ಮರುಗಳಿಗೆ ಹೆಪ್ಪುಗಟ್ಟಿ, ಎರಡು ರೆಪ್ಪೆಯನ್ನೂ ಬೆಸುಗೆ ಹಾಕಿದಂತೆ ಹಿಡಿದುಬಿಟ್ಟಿತು. ಮಂಜುಗಡ್ಡೆ ಕೀಳಲು ಹೋದರೆ ಚರ್ಮವೂ ಕಿತ್ತು ಬರುತ್ತಿತ್ತು. ದನಗಳು ನಿಂತಲ್ಲೇ ಉಸಿರುಕಟ್ಟಿ ಸತ್ತವು, ಮೂಗಿನ ಹೊಳ್ಳೆಯಲ್ಲಿ ಮಂಜು ಬಿರಟೆಯಾಗಿತ್ತು. ಗಾಳಿಯಲ್ಲಿ ವಿದ್ಯುತ್ ಎಷ್ಟು ತುಂಬಿತ್ತೆಂದರೆ ಒಲೆಯ ಕಬ್ಬಿಣ ಮುಟ್ಟಿದವರ ಬೆರಳಿಗೆ ಕಿಡಿ ಹಾರಿತು. ಚಾಚಿದ ಕೈ ಕಾಣದು, ಪಕ್ಕದವನ ಕೂಗು ಕೇಳದು. ಮನೆಗೂ ಕೊಟ್ಟಿಗೆಗೂ ನಡುವೆ ದಾರಿ ತಪ್ಪಿ ಸತ್ತವರಿದ್ದಾರೆ.

ಡಕೋಟಾದ್ದೇ ಆದ ಗ್ರೋಟನ್ ಪಟ್ಟಣದಲ್ಲಿ ದೊಡ್ಡವರು ಜಾರುಬಂಡಿಗಳನ್ನು ತಂದು ಶಾಲೆಯ ಬಾಗಿಲಿಗೆ ಹಚ್ಚಿದರು. ಮಕ್ಕಳನ್ನು ಎಣಿಸಿ ಹತ್ತಿಸಿದರು. ಬಂಡಿ ಹೊರಡಬೇಕು, ವಾಲ್ಟರ್ ಆಲೆನ್ ಎಂಬ ಎಂಟು ವರ್ಷದ ಹುಡುಗ ಪಕ್ಕನೆ ಕೆಳಗೆ ಹಾರಿದ. ಕಾರಣ? ಸ್ಲೇಟು ಒರೆಸಲು ನೀರು ತುಂಬಿಡುತ್ತಿದ್ದ ಪುಟ್ಟ ಅತ್ತರಿನ ಗಾಜಿನ ಸೀಸೆ ಡೆಸ್ಕಿನಲ್ಲೇ ಉಳಿದಿತ್ತು. ಚಳಿಗೆ ನೀರು ಹೆಪ್ಪುಗಟ್ಟಿದರೆ ಸೀಸೆ ಒಡೆದುಹೋದೀತು! ಸ್ಲೇಟು ಬಳಪದ ಕಾಲ ಕಂಡ ಯಾರಿಗಾದರೂ ಆ ಸಂಕಟ ಅರ್ಥವಾಗುತ್ತದೆ. ಸೀಸೆ ಹಿಡಿದು ಹೊರಬರುವಷ್ಟರಲ್ಲಿ ಬಂಡಿಗಳಿಲ್ಲ. ಬೀದಿಯೂ ಇಲ್ಲ. ನಾಲ್ಕು ಹೆಜ್ಜೆ ಹಾಕಿದ, ಬಿದ್ದ, ಎದ್ದ, ಮತ್ತೆ ಬಿದ್ದ. ಅತ್ತ ಮನೆಯಲ್ಲಿ ಹುಡುಗ ಬಂಡಿಯಲ್ಲಿಲ್ಲ ಎಂದು ಗೊತ್ತಾದದ್ದೇ ಅಣ್ಣ ವಿಲ್ ಹೊರಟ. ನಿಂತು ಹುಡುಕಿ ಪ್ರಯೋಜನವಿಲ್ಲ ಎಂದು ಮಂಡಿಯೂರಿ, ನೆಲ ತಡಕುತ್ತ ಅಂಬೆಗಾಲಿಟ್ಟ. ಕೈಗೆ ಮೆತ್ತಗೆ ಏನೋ ತಾಗಿತು. ತಮ್ಮ! ಆ ಬಿಳಿ ಕತ್ತಲಲ್ಲಿ ಒಂದು ಮೊಳ ಆಚೆ ತಡಕಿದ್ದರೂ ಕಥೆ ಮುಗಿದಿತ್ತು.

ಇನ್ನೂ ತೆಂಕಲಿಗೆ, ರೋಸ್‌ಫೀಲ್ಡ್ ಎಂಬಲ್ಲಿ, ಐವರು ಹುಡುಗರಿಗೆ ಆ ಒಂದು ಮೊಳದ ಅದೃಷ್ಟ ಇರಲಿಲ್ಲ. ಅವರು ರಷ್ಯಾ ಸಾಮ್ರಾಜ್ಯದ ವೊಲಿನಿಯಾದಿಂದ 1874ರಲ್ಲಿ ವಲಸೆ ಬಂದ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ರೈತರ ಮಕ್ಕಳು, ಅವರಲ್ಲಿ ಮೂವರು ಒಡಹುಟ್ಟಿದವರು. ಶಾಲೆಯಿಂದ ಹೊರಟ ಗುಂಪಿನಲ್ಲಿ ಮುಂದಿದ್ದವರು ಮೇಷ್ಟ್ರ ಮನೆ ಮುಟ್ಟಿದರು, ಹಿಂದಿದ್ದವರು ಹೇಗೋ ಕಳಚಿಕೊಂಡರು. ಗಾಳಿ ವಾಯವ್ಯದಿಂದ ಮುಖಕ್ಕೆ ಬಡಿಯುವಾಗ ಕಾಲುಗಳು ತಾವಾಗಿಯೇ ಗಾಳಿಗೆ ಬೆನ್ನು ಕೊಡುತ್ತವೆ. ಅಂದು ದಾರಿ ತಪ್ಪಿದವರೆಲ್ಲ ಹೀಗೆ ಆಗ್ನೇಯಕ್ಕೆ ತೇಲಿದರು, ಹುಡುಕುವವರೂ ಆ ದಿಕ್ಕಿಗೇ ಹೋದರು. ಐವರೂ ಸಿಕ್ಕಿದ್ದು ಭಾನುವಾರ, ಒಟ್ಟಿಗೇ, ಮೈಲಿಗಟ್ಟಲೆ ಆಚೆ.

ಈಗ ಇಬ್ಬರು ಟೀಚರುಗಳ ಕಥೆ. ಇವೆರಡನ್ನು ಅಕ್ಕಪಕ್ಕ ಇಟ್ಟು ಓದದೆ ಆ ದಿನ ಅರ್ಥವಾಗುವುದಿಲ್ಲ ಎಂಬುದು ನನ್ನ ವಾದ.

ನೆಬ್ರಾಸ್ಕದ ಓರ್ಡ್ ಬಳಿಯ ಮೀರಾ ಕಣಿವೆ. ಮಣ್ಣಿನ ಶಾಲೆ. ಟೀಚರು ಮಿನ್ನಿ ಫ್ರೀಮನ್, ಇನ್ನೂ ಇಪ್ಪತ್ತು ತುಂಬಿಲ್ಲ. ಗಾಳಿ ಶಾಲೆಯ ಸೂರನ್ನೇ ಕಿತ್ತೊಯ್ದಿತು. ತಲೆಯ ಮೇಲೆ ಬಿರುಗಾಳಿ, ಸುತ್ತ ಹತ್ತಾರು ಮಕ್ಕಳು, ಹತ್ತಿರದ ಮನೆ ಸುಮಾರು ಅರ್ಧ ಮೈಲಿ. ಇದ್ದರೂ ಸಾವು, ಹೋದರೂ ಸಾವು. ಹೊರಟಳು. ಸಣ್ಣವರು ನಡುವೆ, ದೊಡ್ಡವರು ಅಂಚಿಗೆ, ಒಬ್ಬರಿಗೊಬ್ಬರು ಆತುಕೊಂಡು. ಮನೆ ಸಿಕ್ಕಿತು. ಒಬ್ಬರೂ ಸಾಯಲಿಲ್ಲ.

ಅದೇ ರಾಜ್ಯದ ಪ್ಲೇನ್‌ವ್ಯೂ. ಟೀಚರು ಲೋಯಿಸ್ ರಾಯ್ಸ್. ಶಾಲೆಯಲ್ಲಿ ಉಳಿದದ್ದು ಮೂರೇ ಮಕ್ಕಳು, ಒಂಬತ್ತು ವರ್ಷದ ಇಬ್ಬರು ಹುಡುಗರು, ಆರರ ಒಂದು ಹುಡುಗಿ. ಮಧ್ಯಾಹ್ನ ಮೂರಕ್ಕೆ ಒಲೆಗೆ ಹಾಕಲು ಏನೂ ಉಳಿದಿರಲಿಲ್ಲ. ಅವಳು ಬಿಡಾರ ಮಾಡಿದ್ದ ಮನೆ ಇನ್ನೂರು ಗಜದೊಳಗೇ ಇತ್ತು. ಮಿನ್ನಿ ನಡೆದ ದೂರದ ಕಾಲು ಭಾಗವೂ ಅಲ್ಲ. ಹೊರಟಳು. ಮನೆ ಸಿಗಲಿಲ್ಲ. ಬಯಲಲ್ಲೇ ಮಕ್ಕಳನ್ನು ಅವುಚಿಕೊಂಡು ಮಲಗಿ ತನ್ನ ಮೈಬಿಸಿ ಹಂಚಿದಳು. ರಾತ್ರಿ ಕಳೆಯುವುದರೊಳಗೆ ಮೂವರೂ ಅವಳ ತೋಳಿನಲ್ಲೇ ಹೋದರು. ಬೆಳಗಿನಲ್ಲಿ ತೆವಳಿಕೊಂಡು ಅವಳು ಒಂದು ಮನೆ ಮುಟ್ಟಿದಳು. ಬದುಕಿದಳು, ಎರಡೂ ಪಾದ ಕತ್ತರಿಸಿದ ಮೇಲೆ.

ಇಬ್ಬರೂ ಮಾಡಿದ ತೀರ್ಮಾನ ಒಂದೇ. ಧೈರ್ಯವೂ ಒಂದೇ ತೂಕದ್ದು. ಲೆಕ್ಕ ಹಾಕಿದರೆ ಲೋಯಿಸ್‌ಳ ನಿರ್ಧಾರವೇ ಹೆಚ್ಚು ಸುರಕ್ಷಿತವಾಗಿತ್ತು. ಪತ್ರಿಕೆಗಳು ಮಿನ್ನಿಯನ್ನು ‘ನೆಬ್ರಾಸ್ಕದ ನಿರ್ಭೀತ ಕನ್ಯೆ’ ಎಂದು ಮೆರೆಸಿದವು. ಅದೇ ವರ್ಷ ಅವಳ ಮೇಲೆ ಹಾಡು ಅಚ್ಚಾಯಿತು, ಉಡುಗೊರೆಗಳು ಬಂದವು, ಮದುವೆಯಾಗುತ್ತೇನೆಂದು ಅಪರಿಚಿತರಿಂದ ಕಾಗದದ ಮೇಲೆ ಕಾಗದ. ಲೋಯಿಸ್‌ಗೆ ಬಂದದ್ದು ಓಮಾಹಾದ ಪತ್ರಿಕೆಯೊಂದು ಎತ್ತಿದ ಚಂದಾ ಹಣದ ಪಾಲು ಮತ್ತು ಜನರ ಮರುಕ. ಗಾಳಿ ಒಂದು ಗಳಿಗೆ ಸರಿದು ಗೋಡೆ ಕಾಣಿಸಿದ್ದರೆ ಹಾಡು ಅವಳ ಹೆಸರಿಗೆ ಬರುತ್ತಿತ್ತು.

ಮೂರನೆಯವಳೊಬ್ಬಳಿದ್ದಳು, ಹೋಲ್ಟ್ ಕೌಂಟಿಯ ಎಟ್ಟಾ ಶಾಟಕ್. ಹತ್ತೊಂಬತ್ತರ ಟೀಚರು. ಒಬ್ಬಳೇ ಹೋಗುತ್ತಿದ್ದಾಗ ದಾರಿ ತಪ್ಪಿತು, ಅಲೆದಲೆದು ಒಂದು ಹುಲ್ಲಿನ ಬಣವೆಗೆ ಡಿಕ್ಕಿ ಹೊಡೆದಳು. ಕೈಯಿಂದ ಬಗೆದು ಒಳಗೆ ತೂರಿದಳು. ಗುರುವಾರ ಹೋಯಿತು, ಶುಕ್ರವಾರ, ಶನಿವಾರ. ಹಿಮ ಬಣವೆಯ ಬಾಯನ್ನು ಮುಚ್ಚಿತು, ಕಾಲುಗಳಿಗೆ ಸ್ಪರ್ಶವೇ ಇಲ್ಲವಾಯಿತು. ಮಲಗಿದ್ದಲ್ಲೇ ಪ್ರಾರ್ಥನೆ ಹೇಳಿಕೊಂಡಳು, ಹಾಡಿಕೊಂಡಳು. ದನಗಳಿಗೆ ಹುಲ್ಲು ಒಯ್ಯಲು ಬಂದ ರೈತ ಡೇನಿಯಲ್ ಮರ್ಫಿಗೆ ಅವಳು ಸಿಕ್ಕಾಗ 78 ಗಂಟೆ ಕಳೆದಿತ್ತು. ಜೀವವಿತ್ತು, ಮಾತಾಡುತ್ತಿದ್ದಳು! ವೈದ್ಯರು ಕಾಲು ತೆಗೆದರು. ಫೆಬ್ರವರಿ ಮೊದಲ ವಾರದಲ್ಲಿ ತೀರಿಕೊಂಡಳು.

ಹೀಗೆ ಗೆದ್ದು ಸೋತವರು ಅವಳೊಬ್ಬಳೇ ಅಲ್ಲ. ರಾತ್ರಿಯಿಡೀ ಹಿಮದ ಗುಡ್ಡೆಯೊಳಗೆ ಹೇಗೋ ಜೀವ ಹಿಡಿದ ಕೆಲವರು ಬೆಳಿಗ್ಗೆ ಬಿಸಿಲು ಕಂಡು ಎದ್ದರು, ನಾಲ್ಕು ಹೆಜ್ಜೆ ನಡೆದರು, ಕುಸಿದು ಸತ್ತರು. ಕೈಕಾಲಿನ ತಣ್ಣನೆಯ ರಕ್ತ ಒಮ್ಮೆಲೇ ಗುಂಡಿಗೆಗೆ ನುಗ್ಗಿದರೆ ಬಡಿತದ ಲಯ ತಪ್ಪುತ್ತದೆ. ಆಗ ಇದು ಯಾರಿಗೂ ತಿಳಿದಿರಲಿಲ್ಲ. ಡಾಜ್ ಕೌಂಟಿಯ ವೆಸ್ಟ್‌ಫಾಲೆನ್ ಸಹೋದರಿಯರು ಸಿಕ್ಕಾಗ ಅಕ್ಕನ ಹೊದಿಕೆ ತಂಗಿಯ ಮೈಮೇಲಿತ್ತು. ಒಟ್ಟು ಸತ್ತವರು 235 ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಶಾಲೆಯ ಮಕ್ಕಳು ಎಷ್ಟು ಮಂದಿಯಿದ್ದರೆಂದರೆ ಇಂದಿಗೂ ಅದು ‘ಮಕ್ಕಳ ಹಿಮಗಾಳಿ’.

ಮುನ್ಸೂಚನೆ ಇರಲಿಲ್ಲವೇ? ಇತ್ತು, ಅದೇ ಕರುಳು ಹಿಂಡುವ ಸಂಗತಿ. ಆಗ ಹವಾಮಾನ ಇಲಾಖೆ ಸೇನೆಯ ಕೈಯಲ್ಲಿತ್ತು. ಸೇಂಟ್ ಪಾಲ್ ಕಚೇರಿಯ ಲೆಫ್ಟಿನೆಂಟ್ ಥಾಮಸ್ ವುಡ್ರಫ್ ಡಕೋಟಾ, ನೆಬ್ರಾಸ್ಕಗಳಿಗೆ ಶೀತಗಾಳಿಯ ಸೂಚನೆ ತಂತಿಯಲ್ಲಿ ಕಳಿಸಿದ್ದ. ಸೂಚನೆ ಬಂದ ಪಟ್ಟಣಗಳಲ್ಲಿ ಬಿಳಿ ಬಟ್ಟೆಯ ನಡುವೆ ಕಪ್ಪು ಚೌಕವಿರುವ ಬಾವುಟ ಏರಿಸುವುದು ಪದ್ಧತಿ. ಹತ್ತು ಮೈಲಿ ಆಚೆ ಜೋಳದ ದಂಟು ಮುರಿಯುತ್ತಿದ್ದ ರೈತನಿಗೆ ಆ ಬಾವುಟ ಕಾಣಬೇಕೆಂದರೆ ಹೇಗೆ? ಮೇಲಾಗಿ ಶೀತಗಾಳಿ ಎಂದರೆ ಚಳಿ ಹೆಚ್ಚುತ್ತದೆ ಎಂದಷ್ಟೇ ಅರ್ಥ, ಮೂರು ನಿಮಿಷದಲ್ಲಿ ಜಗತ್ತು ಅಳಿಸಿಹೋಗುತ್ತದೆ ಎಂದಲ್ಲ. 1891ರಲ್ಲಿ ಹವಾಮಾನದ ಕೆಲಸ ಸೇನೆಯಿಂದ ಕೃಷಿ ಇಲಾಖೆಗೆ ಹೋಯಿತು. ಅಷ್ಟರಲ್ಲಿ ಜನ ಈ ಗಾಳಿಯನ್ನು ಮರೆತೂ ಇದ್ದರು. ಅದೇ 1888ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ನಗರವನ್ನು ಇನ್ನೊಂದು ಹಿಮಗಾಳಿ ಹೂತುಹಾಕಿತು, ಪತ್ರಿಕೆಗಳಿದ್ದ ಊರಿನ ಗಾಳಿಗೇ ಹೆಸರು ಬಂತು.

ಆ ಮುದುಕರು ಹಟ ಹಿಡಿದು ಬರೆಸಿದ್ದಕ್ಕೆ ಇದೂ ಒಂದು ಕಾರಣವಿರಬಹುದು. ಅವರ ನೆನಪುಗಳಲ್ಲಿ ಶೌರ್ಯದ ಭಾಷಣ ಕಡಿಮೆ. ಗಾಳಿ ಎಷ್ಟು ಹೊತ್ತಿಗೆ ಬಂತು, ಒಲೆಗೆ ಏನು ಹಾಕಿದರು, ಅಪ್ಪ ಯಾವ ಬೇಲಿ ಹಿಡಿದು ಮನೆಗೆ ಬಂದ, ಯಾವ ಹಸು ಉಳಿಯಿತು, ಹೀಗೆ. ನೆಬ್ರಾಸ್ಕದ ಕವಿ ಟೆಡ್ ಕೂಸರ್ 1986ರಲ್ಲಿ ಇಂಥ ನೆನಪುಗಳಿಂದಲೇ ಒಂದು ಕವಿತಾಸಂಕಲನ ಕಟ್ಟಿದ. ಅವುಗಳ ಒಣ ದನಿಯೇ ಅವನನ್ನು ಹಿಡಿದಿರಬೇಕು.

ಒಣ ದನಿಯವರು ಜಗಳವನ್ನೂ ಬಿಟ್ಟುಹೋಗಿದ್ದಾರೆ. ಮಿನ್ನಿ ಫ್ರೀಮನ್ ಮಕ್ಕಳನ್ನು ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಸಿದಳು ಎಂಬುದು ಅಮೆರಿಕದ ಮಕ್ಕಳು ಓದುವ ಕಥೆ. ಹಾಡಿನ ಪ್ರಕಾರ ಮಕ್ಕಳು ಹದಿಮೂರು, ಬೇರೆ ಲೆಕ್ಕಗಳಲ್ಲಿ ಹದಿನಾರು, ಹದಿನೇಳು. ಅಂದು ಅವಳ ಜೊತೆ ನಡೆದ ಒಬ್ಬ ವಿದ್ಯಾರ್ಥಿಯ ಹೇಳಿಕೆಯೂ ಉಳಿದಿದೆ: ಹಗ್ಗದ ಮಾತು ಸುಳ್ಳು. ನಾನು ಆ ವಿದ್ಯಾರ್ಥಿಯ ಕಡೆ. ಹಗ್ಗ ಪತ್ರಿಕೆಯವರಿಗೆ ಬೇಕಾಗಿತ್ತು. ಕೈ ಮರಗಟ್ಟಿದ ಮಕ್ಕಳು ಅರ್ಧ ಮೈಲಿ ಒಬ್ಬರನ್ನೊಬ್ಬರು ಹಿಡಿದೇ ನಡೆದರು ಎಂದರೆ ಓದುಗರು ನಂಬುತ್ತಿರಲಿಲ್ಲವೇನೋ. 1967ರಲ್ಲಿ ಲಿಂಕನ್‌ನ ಶಾಸನಸಭಾ ಭವನದ ಗೋಡೆಯ ಮೇಲೆ ಕಲಾವಿದೆ ಜೀನ್ ರೇನಲ್ ಗಾಜಿನ ತುಣುಕುಗಳಿಂದ ಆ ಬಿರುಗಾಳಿಯ ದೊಡ್ಡ ಚಿತ್ರ ಮಾಡಿದಳು. ಅದನ್ನು ನೋಡಿ ತಗಾದೆ ತೆಗೆಯಬೇಕಾದ ಕ್ಲಬ್ಬಿನ ಸದಸ್ಯರು ಅಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರೂ ತೀರಿಕೊಂಡಿದ್ದರು.