ಕೃಷ್ಣಮೂರ್ತಿಪುರದ ತಾರಸಿಯ ಮೇಲೆ ಬೀಸುಕಂಸಾಳೆ

ಮೈಸೂರಿನ ಹಳೆಯ ಬಡಾವಣೆಗಳಲ್ಲಿ ನಮ್ಮ ಕೃಷ್ಣಮೂರ್ತಿಪುರಂ ಗದ್ದಲಕ್ಕೆ ಹೆಸರಾದುದಲ್ಲ. ಸಂಜೆಯಾಯಿತೆಂದರೆ ಒಂದು ಮನೆಯಲ್ಲಿ ವೀಣೆಯ ಶ್ರುತಿ, ಇನ್ನೊಂದರಲ್ಲಿ ಸಹಸ್ರನಾಮ, ಮೂರನೆಯದರಲ್ಲಿ ಒಗ್ಗರಣೆಯ ಚಟಪಟ. ಇಲ್ಲಿಯ ಕೋಲಾಹಲವೆಲ್ಲ ಇಷ್ಟೇ. ಆದರೆ ದಸರೆಗೆ ಮೂರು ನಾಲ್ಕು ವಾರಗಳಿರುವಾಗ ವಾಚಕರು ಬಲ್ಲಾಳ್ ವೃತ್ತದ ಕಡೆಯಿಂದ ಅಡ್ಡರಸ್ತೆಗಳೊಳಕ್ಕೆ ನಡೆದು ಬಂದರೆ, ಯಾವುದಾದರೊಂದು ಮನೆಯ ತಾರಸಿಯ ಮೇಲಿನಿಂದ ಕಂಚಿನ ತಾಳಗಳ ಝಣತ್ಕಾರವು ಕಿವಿಗೆ ಬೀಳುವುದು. ಅದು ಭಜನೆಯ ತಾಳವಲ್ಲ. ವಾಣಿಜ್ಯವನ್ನೋ ಗಣಕವಿಜ್ಞಾನವನ್ನೋ ಓದುತ್ತಿರುವ ತರುಣ ತರುಣಿಯರು ಬೀಸುಕಂಸಾಳೆಯನ್ನು ಅಭ್ಯಾಸಮಾಡುತ್ತಿರುವರು.

ಇದಕ್ಕೆ ಕಾರಣವುಂಟು. ದಸರೆಯ ಮುನ್ನಾದಿನಗಳಲ್ಲಿ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ‘ಯುವ ಸಂಭ್ರಮ’ವೆಂಬ ಉತ್ಸವವು ನಡೆಯುವುದು. ಕಾಲೇಜುಗಳಿಂದ ನೂರಾರು ತಂಡಗಳು ಬರುವುವು. ಒಂದೊಂದಕ್ಕೆ ದೊರೆಯುವುದು ಕೆಲವೇ ನಿಮಿಷಗಳು. ಆ ಕೆಲವು ನಿಮಿಷಗಳಲ್ಲಿ ಸಾವಿರಾರು ಮಂದಿ ಸಮವಯಸ್ಕರನ್ನು ಎಬ್ಬಿಸಿ ಕುಣಿಸಬೇಕೆಂಬುದೇ ಎಲ್ಲರ ಹಟ. ಆ ಹಟಕ್ಕೆ ಕಂಸಾಳೆಗಿಂತ ಒದಗುವ ವಸ್ತು ಮತ್ತೊಂದಿಲ್ಲವೆಂದು ಹುಡುಗರು ಕಂಡುಕೊಂಡಿದ್ದಾರೆ.

ಕಂಸಾಳೆಯೆಂಬುದು ‘ಕಾಂಸ್ಯತಾಲ’ದ ತದ್ಭವವೆಂದು ಹೇಳುವುದುಂಟು. ಅಮರಸಿಂಹನು ವಾದ್ಯಗಳನ್ನು ನಾಲ್ಕಾಗಿ ವಿಂಗಡಿಸುವಾಗ ಘನವಾದ್ಯಕ್ಕೆ ಕಾಂಸ್ಯತಾಲವನ್ನೇ ಉದಾಹರಣೆಯಾಗಿ ಕೊಟ್ಟಿರುವನು. ಎಡಗೈಯಲ್ಲಿ ಬಟ್ಟಲಿನಾಕಾರದ ತಾಳ. ಬಲಗೈಯಲ್ಲಿ ಚಪ್ಪಟೆಯಾದ ತಾಳ, ಅದರ ನಡುವಣ ರಂಧ್ರದಲ್ಲಿ ಪೋಣಿಸಿದ ದಾರ, ದಾರದ ತುದಿಯಲ್ಲಿ ಗೊಂಡೆ. ಇದನ್ನು ಪರಂಪರೆಯಿಂದ ಹಿಡಿದು ಬಂದವರು ಮಲೆಯ ಮಹದೇಶ್ವರನ ಒಕ್ಕಲಾದ ದೇವರಗುಡ್ಡರು. ಗುರುವಿನಿಂದ ದೀಕ್ಷೆ ಹೊಂದಿ, ರುದ್ರಾಕ್ಷಿ ಧರಿಸಿ, ಜೋಳಿಗೆ ಹೊತ್ತು, ಮಾದಪ್ಪನ ಕಥೆಯನ್ನು ರಾತ್ರಿಯೆಲ್ಲ ಹಾಡುವ ವ್ರತ ಇವರದು. ಆ ಮಹಾಕಾವ್ಯವನ್ನು ಪಿ. ಕೆ. ರಾಜಶೇಖರ ಅವರು ಸಂಗ್ರಹಿಸಿ 1970ರ ದಶಕದಲ್ಲಿ ಪ್ರಕಟಿಸಿದರು. ಕುಳಿತು ಕಥೆ ಹೇಳುವುದು ಒಂದು ಬಗೆ. ಎದ್ದು ನಿಂತು ತಾಳವನ್ನು ಬೀಸಿ ಕುಣಿಯುವುದು ಇನ್ನೊಂದು. ಈ ಎರಡನೆಯದೇ ಬೀಸುಕಂಸಾಳೆ.

ಇದರ ಸೊಗಸನ್ನು ಸ್ವಲ್ಪ ವಿವರಿಸಬೇಕು. ಭರತನಾಟ್ಯದಲ್ಲಿ ನರ್ತಕಿ ಒಬ್ಬಳು, ಮೃದಂಗದವನು ಇನ್ನೊಬ್ಬ. ಇಲ್ಲಿ ಹಾಗಲ್ಲ. ಬಲಗೈಯ ತಾಳವು ತಲೆಯ ಸುತ್ತ, ಬೆನ್ನ ಹಿಂದೆ, ಮೊಣಕಾಲಿನ ಕೆಳಗೆ ಸುತ್ತಿಬಂದು ಎಡಗೈಯ ಬಟ್ಟಲಿಗೆ ತಾಕಬೇಕು; ಕೆಲವು ವರಸೆಗಳಲ್ಲಿ ಪಕ್ಕದವನ ಬಟ್ಟಲಿಗೂ ತಾಕಬೇಕು. ತಾಕಿದ ಕ್ಷಣವೇ ತಾಳ. ಹೆಜ್ಜೆ ತಪ್ಪಿದರೆ ಲಯವೇ ಹುಟ್ಟುವುದಿಲ್ಲ; ಲಯವಿಲ್ಲದೆ ಹೆಜ್ಜೆಗೆ ಆಧಾರವಿಲ್ಲ. ಗೀತ, ವಾದ್ಯ, ನೃತ್ತ ಮೂರೂ ಕೂಡಿದುದೇ ಸಂಗೀತವೆಂದು ಹದಿಮೂರನೆಯ ಶತಮಾನದಲ್ಲಿ ಶಾರ್ಙ್ಗದೇವನು ಮಾಡಿದ ಲಕ್ಷಣಕ್ಕೆ ಇದಕ್ಕಿಂತ ಒಳ್ಳೆಯ ಲಕ್ಷ್ಯವನ್ನು ನಾವು ಕಂಡಿಲ್ಲ. (ಈ ಮಾತನ್ನು ನಮ್ಮ ಪುರದ ಸಂಗೀತ ರಸಿಕರ ಮುಂದೆ ಆಡಿದಾಗ ಅವರು ಕಾಫಿಯ ಲೋಟವನ್ನು ಕೆಳಗಿಟ್ಟು ನಮ್ಮನ್ನು ನೋಡಿದರು.)

ಮಲೆಯಿಂದ ಕಾಲೇಜಿಗೆ ಈ ಕುಣಿತವು ಇಳಿದುಬರಲು ಚಲನಚಿತ್ರದ ಸಹಾಯವೂ ಒದಗಿತು. 1996ರಲ್ಲಿ ತೆರೆಕಂಡ, ನಾಗಾಭರಣರು ನಿರ್ದೇಶಿಸಿದ ‘ಜನುಮದ ಜೋಡಿ’ಯಲ್ಲಿ ವಿ. ಮನೋಹರ್ ಅವರ ಸಂಗೀತದಲ್ಲಿ ಎಲ್. ಎನ್. ಶಾಸ್ತ್ರಿಗಳು ಹಾಡಿದ ಕೋಲುಮಂಡೆಯ ಹಾಡು ಮನೆಮನೆಗೂ ಹೊಕ್ಕಿತು; ಶಾಸ್ತ್ರಿಗಳಿಗೆ ರಾಜ್ಯಪ್ರಶಸ್ತಿಯೂ ಅದರಿಂದಲೇ ಸಂದಿತು. ಅಂದಿನಿಂದ ಮಾದಪ್ಪನ ಹಾಡೆಂದರೆ ಕುಣಿಯುವ ಹಾಡೆಂದು ಮಕ್ಕಳು ತಿಳಿದರು. ಹಾಡು ಕಾಲನ್ನು ಎಳೆಯಿತು. ಕಾಲು ಮತ್ತಷ್ಟು ವೇಗದ ಹಾಡನ್ನು ಬೇಡಿತು.

ಈ ಕೊಳುಕೊಡೆ ನಮ್ಮಲ್ಲಿ ಮಾತ್ರವಿರುವುದೆಂದು ಭಾವಿಸಬಾರದು. ಅಮೆರಿಕಾದ ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಕೇರಿಗಳಲ್ಲಿ 1973ರ ಸುಮಾರಿಗೆ ಕೂಲ್ ಹರ್ಕ್ ಎಂಬ ತರುಣನು, ಹಾಡಿನ ನಡುವೆ ಬರಿಯ ವಾದ್ಯ ಮೊಳಗುವ ಭಾಗ ಬಂದಾಗಲೇ ಹುಡುಗರು ಹುರುಪಿನಿಂದ ಕುಣಿಯುವುದನ್ನು ಗಮನಿಸಿ, ಎರಡು ತಟ್ಟೆಗಳನ್ನಿಟ್ಟು ಅದೇ ಭಾಗವನ್ನು ಮತ್ತೆ ಮತ್ತೆ ನುಡಿಸಿದನು. ಹಿಪ್ ಹಾಪ್ ಎಂಬ ಸಂಗೀತವು ಹೀಗೆ ಕುಣಿಯುವವರ ಕಾಲಿನಿಂದಲೇ ಬೆಳೆಯಿತೆನ್ನಬಹುದು. ಆ ಕುಣಿತವು 2024ರಲ್ಲಿ ಪ್ಯಾರಿಸಿನ ಒಲಿಂಪಿಕ್ಸನ್ನೂ ಮುಟ್ಟಿತು.

ಆದರೆ ನಮ್ಮ ತಾರಸಿಯ ಮೇಲೆ ಒಂದು ತೊಡಕುಂಟಾಯಿತು. ಹೋದ ವರ್ಷ ನಂಜನಗೂಡಿನ ಕಡೆಯಿಂದ ವೃದ್ಧ ದೇವರಗುಡ್ಡರೊಬ್ಬರು ಹುಡುಗರಿಗೆ ವರಸೆ ಹೇಳಿಕೊಡಲು ಬರುತ್ತಿದ್ದರು. ಹುಡುಗರು ಧ್ವನಿಪೆಟ್ಟಿಗೆಯಲ್ಲಿ ಮುದ್ರಿತ ಹಾಡನ್ನು ಹಾಕಿ, ಅದರ ಮೇಲೆ ಕಂಸಾಳೆ ಬೀಸುತ್ತಿದ್ದರು. ಪೆಟ್ಟಿಗೆಯ ಮೊರೆತದಲ್ಲಿ ಕಂಚು ತಾಕಿತೋ ಇಲ್ಲವೋ ಯಾರಿಗೂ ತಿಳಿಯದು. ಕೆಲವರು ತಾಕಿಸುವ ಗೋಜಿಗೇ ಹೋಗದೆ ಗಾಳಿಯಲ್ಲಿ ಬೀಸಿ ನಗುತ್ತಿದ್ದರು. ಮುದುಕರು ಎರಡು ದಿನ ಸುಮ್ಮನೆ ನೋಡಿದರು. ಮೂರನೆಯ ದಿನ, “ಅಪ್ಪಾ, ನಿಮ್ ಪೆಟ್ಗೆ ಹಾಡ್ತದೆ, ನೀವು ಕುಣೀತೀರಿ. ಈ ತಾಳ ಯಾಕೆ ಹೊತ್ಕೊಂಡಿದ್ದೀರಿ?” ಎಂದು ಕೇಳಿ, ತಮ್ಮ ಜೋಳಿಗೆಯನ್ನು ಹೆಗಲಿಗೇರಿಸಿದರು.

ನಮ್ಮ ನೆರೆಯ ಹಿರಿಯರೊಬ್ಬರು ದೀಕ್ಷೆಯಿಲ್ಲದವರು, ಅದರಲ್ಲಿಯೂ ಹೆಣ್ಣುಮಕ್ಕಳು, ಕಂಸಾಳೆಯನ್ನು ಮುಟ್ಟಲೇಬಾರದೆಂದು ವಾದಿಸುವರು. ನಾವು ಅದನ್ನು ಒಪ್ಪಲಾರೆವು, ಮುದುಕರೂ ಒಪ್ಪಲಿಲ್ಲ. ಕಲಿಯುವವರಿಲ್ಲದೆ ತಮ್ಮ ಮನೆಯ ಕಂಸಾಳೆ ಗೂಟದಲ್ಲಿ ತೂಗುತ್ತಿದೆಯೆಂದೂ, ಮಗನು ಕಾರ್ಖಾನೆಯ ಕೆಲಸಕ್ಕೆ ಹೋದನೆಂದೂ, ಹೆಣ್ಣುಮಗಳಾದರೇನು, ಕೈ ತಿರುಗಿದರೆ ಸಾಕೆಂದೂ ಅವರೇ ನಮ್ಮೊಡನೆ ಹೇಳಿದ್ದರು. ಅವರ ದುಃಖ ಹುಡುಗರು ಕುಣಿದುದಕ್ಕಲ್ಲ, ಕುಣಿತವು ತಾಳವನ್ನು ಬಿಟ್ಟುದಕ್ಕೆ. ಈ ವಿಷಯದಲ್ಲಿ ನಾವೂ ಅವರ ಪಕ್ಷವೇ.

ತಂಡದ ಹುಡುಗಿಯೊಬ್ಬಳು ಮೆಟ್ಟಿಲಿಳಿದು ಓಡಿ, ರಸ್ತೆಯ ತಿರುವಿನಲ್ಲಿ ಅವರನ್ನು ತಡೆದು ಕರೆತಂದಳು. ಒಪ್ಪಂದವೊಂದಾಯಿತು: ಮೊದಲರ್ಧ ಪೆಟ್ಟಿಗೆಯ ಹಾಡು, ಉಳಿದರ್ಧ ಪೆಟ್ಟಿಗೆಗೆ ಮೌನ, ಆಗ ಹಾಡುವುದು ತಾವೇ, ನುಡಿಸುವುದೂ ತಾವೇ. ಹುಡುಗರಿಗೆ ಇದು ಸುಲಭವಾಗಲಿಲ್ಲ. ಹಾಡುತ್ತ ಬೀಸುವಾಗ ಉಸಿರು ಸಾಲದು, ತಾಳ ಮೊಣಕೈಗೆ ಬಡಿದು ಊದಿಕೊಳ್ಳುವುದು. ಒಂದು ವಾರ ನಮ್ಮ ಬೀದಿಯಲ್ಲಿ ಅರಿಸಿನದ ಪಟ್ಟಿಗಳದೇ ಸುಗ್ಗಿ.

ರಂಗಮಂದಿರದಲ್ಲಿ ಪೆಟ್ಟಿಗೆ ನಿಂತೊಡನೆ ಯಂತ್ರ ಕೆಟ್ಟಿತೆಂದು ತಿಳಿದು ಪ್ರೇಕ್ಷಕರು ಕೇಕೆಹಾಕಿದರು. ಅಷ್ಟರಲ್ಲಿ ಹನ್ನೆರಡು ಬಟ್ಟಲುಗಳು ಒಟ್ಟಿಗೆ ಮೊಳಗಿದುವು. ಬಹುಮಾನವೇನೂ ಬರಲಿಲ್ಲ. ದೀಪಾವಳಿಯ ಜಾತ್ರೆಗೆ ಆ ಹುಡುಗರಲ್ಲಿ ಐದು ಮಂದಿ, ಮುದುಕರ ಸಂಗಡ ಬಸ್ಸು ಹತ್ತಿ ಮಲೆಗೆ ಹೋಗಿಬಂದರು.