ನೆಲಮಂಗಲದ ದಾರಿಯಲ್ಲಿ

ಬೆಂಗಳೂರಿನಿಂದ ತುಮಕೂರಿಗೆ ಹೊರಟ ಪ್ರವಾಸಿಗೆ ನೆಲಮಂಗಲದ ಸೀಮೆಯಲ್ಲಿ ಕೆರೆ, ತೋಟ, ಬಾವಿಗಳು ಕಣ್ಣಿಗೆ ಬೀಳುವುವು. ಈ ನಾಡಿಗೆ ನೀರೇ ಭಾಗ್ಯ. ಆದರೆ ಮಲೇರಿಯವನ್ನು ಹರಡುವ ಅನಾಫಿಲಿಸ್ ಸೊಳ್ಳೆಗೂ ಆ ನೀರೇ ತೊಟ್ಟಿಲು.

1883ರಲ್ಲಿ ಬೆಂಗಳೂರಿನಲ್ಲಿದ್ದ ರೊನಾಲ್ಡ್ ರಾಸ್ ಎಂಬ ವೈದ್ಯರು ತಮ್ಮ ಬಿಡಾರದ ನೀರಿನ ಪೀಪಾಯಿಯನ್ನು ಬರಿದುಮಾಡಿಸಿ ಸೊಳ್ಳೆಗಳ ಕಾಟವನ್ನು ತಗ್ಗಿಸಿಕೊಂಡರು. 1897ರಲ್ಲಿ ಸಿಕಂದರಾಬಾದಿನಲ್ಲಿ ಮಲೇರಿಯದ ರೋಗಾಣುವನ್ನು ಸೊಳ್ಳೆಯ ಒಡಲಲ್ಲಿ ಕಂಡವರೂ ಅವರೇ. ಪೀಪಾಯಿಯನ್ನೇನೋ ಬರಿದುಮಾಡಬಹುದು, ಊರ ಬಾವಿಯನ್ನು ಬರಿದುಮಾಡಲಾದೀತೆ? ಅಲ್ಲಿ ಸೊಳ್ಳೆಯ ಮರಿಗಳನ್ನು ತಿನ್ನುವ ಗಪ್ಪಿ ಮೀನು ಬೇಕು. ಮೀನಿನಿಂದ ತಪ್ಪಿಸಿಕೊಂಡ ಸೊಳ್ಳೆಗೆ ಗೋಡೆಯ ಮೇಲೆ ಸಿಂಪಡಿಸಿದ ಔಷಧವುಂಟು. ಆದರೆ 1953ರಿಂದ ದೇಶವೆಲ್ಲ ನೆಚ್ಚಿದ ಡಿ.ಡಿ.ಟಿ.ಗೆ ಸೊಳ್ಳೆಗಳು ಕ್ರಮೇಣ ಒಗ್ಗಿಕೊಂಡುವು. ಆದುದರಿಂದ ಮಲಗುವಲ್ಲಿ ಸೊಳ್ಳೆಪರದೆಯೂ ಅವಶ್ಯ. ಇಷ್ಟನ್ನೂ ಮೀರಿ ಚಳಿಜ್ವರ ಬಂದರೆ ರಕ್ತಪರೀಕ್ಷೆ ಮಾಡಿಸಿ, ಮದ್ದನ್ನು ಪೂರ್ತಿಯಾಗಿ ಸೇವಿಸಬೇಕು. ಅರ್ಧಕ್ಕೆ ಬಿಟ್ಟವನ ರಕ್ತವನ್ನು ಹೀರಿದ ಸೊಳ್ಳೆಯಿಂದ ನೆರೆಮನೆಯ ಮಗುವಿಗೂ ಕುತ್ತು.

ಈ ದಾರಿ ಮುಟ್ಟುವ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ 2001ರಲ್ಲಿ ಕಲಾಜಾಥಾದವರು ಹಾಡು, ನಾಟಕಗಳಿಂದ ಜನರಿಗೆ ಮಲೇರಿಯದ ತಿಳಿವಳಿಕೆ ಕೊಟ್ಟರು. ಬಾವಿಗೆ ಮೀನು ಬಿಡಲು ಊರವರ ಒಪ್ಪಿಗೆಯೂ ಬೇಕಷ್ಟೆ! ಒಂದು ಬಾಗಿಲನ್ನು ಮುಚ್ಚಿ ಮತ್ತೊಂದನ್ನು ತೆರೆದಿಟ್ಟ ಮನೆಗೆ ಕಾವಲು ಇದ್ದೂ ಇಲ್ಲದಂತೆಯೇ ಸರಿ.